ಹಾನ್ ನದಿಯ ಜೋಡಿಕೋಟೆ

ಚೀಣದ ನಕಾಶೆಯೊಂದು ಮನೆಯಲ್ಲಿದ್ದರೆ ಎದುರಿಗಿಟ್ಟುಕೊಳ್ಳಿರಿ. ಯಾಂಗ್‌ತ್ಸೆ ಮಹಾನದಿಯನ್ನು ಬಂದು ಕೂಡುವ ಹಾನ್ ನದಿಯನ್ನು ಅದರಲ್ಲಿ ಗುರುತಿಸಿರಿ. ಆ ನದಿಯ ದಕ್ಷಿಣ ದಡದಲ್ಲಿ ಶಿಯಾಂಗ್‌ಯಾಂಗ್, ಎದುರು ದಡದಲ್ಲಿ ಫಾನ್‌ಚೆಂಗ್. ಎರಡು ಕೋಟೆಗಳ ನಡುವೆ ತೇಲುಸೇತುವೆ. ದಕ್ಷಿಣ ಚೀಣವನ್ನಾಳುತ್ತಿದ್ದ ಸುಂಗ್ ರಾಜವಂಶದ ಹೆಬ್ಬಾಗಿಲಿಗೆ ಈ ಜೋಡಿಕೋಟೆಯೇ ಅಗುಳಿ.

1268ರಲ್ಲಿ ಕುಬ್ಲಾಯ್ ಖಾನನ ಸೇನೆ ಇದನ್ನು ಮುತ್ತಿತು. ಕುದುರೆಯ ಮೇಲೆ ಅರ್ಧ ಜಗತ್ತನ್ನೇ ತುಳಿದಿದ್ದ ಮಂಗೋಲರು ಇಲ್ಲಿ ದೋಣಿ ಕಟ್ಟುವುದನ್ನೂ ನೀರಿನ ಮೇಲೆ ಕಾದುವುದನ್ನೂ ಕಲಿಯಬೇಕಾಯಿತು. ಕಲಿಸಿದವನು ಸುಂಗ್ ಪಕ್ಷವನ್ನು ತೊರೆದುಬಂದ ಲಿಯು ಝೆಂಗ್ ಎಂಬ ದಂಡನಾಯಕ. ಮನೆಯ ಗುಟ್ಟು ಬಲ್ಲವನು ಹಗೆಯ ಪಾಳೆಯ ಸೇರಿದರೆ ಹೇಳುವುದೇನು!

ಶಿಯಾಂಗ್‌ಯಾಂಗಿನ ರಕ್ಷಣೆಗೆ ನಿಂತಿದ್ದವನು ಲ್ಯೂ ವೆನ್‌ಹುವಾನ್. ಕೋಟೆಯಲ್ಲಿ ಧಾನ್ಯಕ್ಕೆ ಅಷ್ಟು ಕೊರತೆಯಿರಲಿಲ್ಲ. ಸೌದೆ, ಬಟ್ಟೆ ಮುಗಿದಿದ್ದವು. ಮನೆಗಳನ್ನು ಕೆಡವಿ ಮರವನ್ನು ಒಲೆಗಿಟ್ಟರು. ಸರಕಾರದ ಕಾಗದದ ನೋಟುಗಳನ್ನೇ ಹೊಲಿದು ಮೈಗೆ ಹೊದ್ದರು. ಆ ನೋಟಿಗೆ ಬೇರೆ ಬೆಲೆ ಇನ್ನೇನು ಉಳಿದಿತ್ತು? ಕೋಟೆಗೋಡೆಯ ಮೇಲೆ ಗಸ್ತು ಬಂದಾಗಲೆಲ್ಲ ಲ್ಯೂ ದಕ್ಷಿಣದ ಕಡೆ, ರಾಜಧಾನಿಯ ದಿಕ್ಕಿಗೆ, ನೋಡಿ ಗೋಳಾಡಿ ಅತ್ತು ಕೆಳಗಿಳಿಯುತ್ತಿದ್ದನೆಂದು ಚೀಣೀ ಇತಿಹಾಸಕಾರರು ಬರೆದಿದ್ದಾರೆ.

1272ರಲ್ಲಿ ಝಾಂಗ್ ಷುನ್, ಝಾಂಗ್ ಗುಯಿ ಎಂಬ ಇಬ್ಬರು ನಾಯಕರು ಮೂರು ಸಾವಿರ ಜನರೊಡನೆ ದೋಣಿಗಳಲ್ಲಿ ಸಾಮಗ್ರಿ ಹೇರಿಕೊಂಡು ಶತ್ರುವ್ಯೂಹವನ್ನು ಸೀಳಿ ಬಂದರು. ಊರಿಗೆ ಊರೇ ಹಿಗ್ಗಿತು. ಆದರೆ ಝಾಂಗ್ ಷುನ್ ಕಾಣಲಿಲ್ಲ. ಕೆಲವು ದಿನಗಳ ಮೇಲೆ ಅವನ ಶವ ತೇಲಿಬಂತು. ಮೈಯಲ್ಲಿ ನಾಲ್ಕು ಈಟಿಯ ಗಾಯ, ಆರು ಬಾಣದ ಗಾಯ, ಕೈಯಲ್ಲಿ ಬಿಲ್ಲು ಹಾಗೆಯೇ ಇತ್ತು. ಹೊರಗಿನ ಸೇನೆಯನ್ನು ಕೂಡಲು ಮತ್ತೆ ಹೊರಟ ಝಾಂಗ್ ಗುಯಿಯೂ ಮಡಿದನು.

ಆ ಮೇಲೆ ಬಂದವು ಪಶ್ಚಿಮದ ಕವಣೆಯಂತ್ರಗಳು. ಇವನ್ನು ಕಟ್ಟಿದವರು ಪಾರಸೀಕ ಸೀಮೆಯಿಂದ ಕರೆಸಿದ ಇಸ್ಮಾಯಿಲ್, ಅಲಾವುದ್ದೀನ್. (ಮಾರ್ಕೋ ಪೋಲೋ ಈ ಕೀರ್ತಿ ತನ್ನ ಮನೆಯವರದೆಂದು ಹೇಳಿಕೊಂಡಿದ್ದಾನೆ, ಆತ ಕುಬ್ಲಾಯನ ಆಸ್ಥಾನ ಮುಟ್ಟುವ ಹೊತ್ತಿಗೆ ಕೋಟೆ ಬಿದ್ದು ಎರಡು ವರ್ಷವಾಗಿತ್ತು.) 1273ರ ಆರಂಭದಲ್ಲಿ, ಸೇತುವೆ ಸುಟ್ಟುಹೋದ ಮೇಲೆ, ಒಂಟಿಯಾದ ಫಾನ್‌ಚೆಂಗ್ ಬಿತ್ತು. ಯಂತ್ರಗಳು ಶಿಯಾಂಗ್‌ಯಾಂಗಿನತ್ತ ತಿರುಗಿದವು. ಸುಮಾರು ತೊಂಬತ್ತು ಕಿಲೋ ತೂಕದ ಒಂದು ಕಲ್ಲು ಸಿಡಿಲಿನ ಸದ್ದಿನೊಡನೆ ಬುರುಜಿಗೆ ಅಪ್ಪಳಿಸಿತು. ಶತ್ರುಸೇನಾನಿ ಗೋಡೆಯ ಬುಡಕ್ಕೆ ಬಂದು ಬಾಣ ಮುರಿದು ಅಭಯದ ಆಣೆಯಿಟ್ಟನು. ಲ್ಯೂ ಬಾಗಿಲು ತೆರೆದನು.

ಅಲ್ಲಿಗೇ ನಿಂತಿದ್ದರೆ ಅವನನ್ನು ಹಳಿಯಲು ನನಗಂತೂ ನಾಲಿಗೆ ಏಳುತ್ತಿರಲಿಲ್ಲ. ಅವನು ಮಂಗೋಲರಿಗೆ ದಾರಿ ತೋರುತ್ತ ನದಿಯಗುಂಟ ನಡೆದನು. ಅವನ ಬಂಧುಗಳೂ ಆಶ್ರಿತರೂ ಆಗಿದ್ದ ದುರ್ಗಾಧಿಪತಿಗಳು ಒಬ್ಬೊಬ್ಬರಾಗಿ ಶರಣಾದರು. 1276ರಲ್ಲಿ ರಾಜಧಾನಿ ಹಾಂಗ್‌ಚೌ ಶತ್ರುವಶವಾಯಿತು. ಆಗ ಸುಂಗ್ ಮಂತ್ರಿ ವೆನ್ ತಿಯಾನ್‌ಶಿಯಾಂಗ್ ಮಂಗೋಲ ಪಾಳೆಯದಲ್ಲಿ ಲ್ಯೂನನ್ನು ಕಂಡು, ದ್ರೋಹಿಯೆಂದು ಮುಖದ ಮೇಲೆಯೇ ಜರೆದನು. ಆರು ವರ್ಷ ಕಾದೆ, ಯಾರೂ ನೆರವಿಗೆ ಬರಲಿಲ್ಲವೆಂದು ಲ್ಯೂ ಹೇಳಿದನು. ಬಲ ಕುಂದಿ ನೆರವು ತಪ್ಪಿದಾಗ ಸಾಯಬಹುದಾಗಿತ್ತು ಎಂದನು ಮಂತ್ರಿ.