ಮಲಬಾರಿನ ತೇಗ, ಇಂಗ್ಲೆಂಡಿನ ಹಡಗು

ಹಳೇ ಮನೆಗಳ ತೇಗದ ಬಾಗಿಲು ಮುತ್ತಜ್ಜನ ಕಾಲದಿಂದ ಹಾಗೇ ಇರುವುದನ್ನು ನಾವೆಲ್ಲ ಕಂಡಿದ್ದೇವೆ. ಅದೇ ತೇಗದಿಂದ ಕಟ್ಟಿದ ಹಡಗೊಂದು ಇನ್ನೂರು ವರ್ಷ ದಾಟಿಯೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ನೀರಿನ ಮೇಲಿದೆ.

ಅದರ ಹೆಸರು ಟ್ರಿಂಕೋಮಲಿ. ನೆಪೋಲಿಯನ್ ಜೊತೆಗಿನ ಯುದ್ಧಗಳಿಂದ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ಹಾಗಾಗಿ ಬೊಂಬಾಯಿಯಲ್ಲಿ ಪಾರ್ಸಿಗಳಾದ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಇದನ್ನು ಕಟ್ಟಿ, 1817ರಲ್ಲಿ ನೀರಿಗಿಳಿಸಿದರು. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆ ಅದನ್ನು ಕಾಯುತ್ತದೆ.

1897ರಲ್ಲಿ ಹಡಗು ಗುಜರಿಗೆ ಮಾರಾಟವಾಯಿತು. ಅದನ್ನು ಒಬ್ಬರು ಕೊಂಡು ಹುಡುಗರ ತರಬೇತಿಗೆ ಬಳಸಿದ್ದರಿಂದ ಉಳಿಯಿತು. 1990ರಲ್ಲಿ ಶುರುವಾದ ದುರಸ್ತಿ ಮುಗಿದದ್ದು 2001ರಲ್ಲಿ. ಅಷ್ಟಾದರೂ ಅರ್ಧಕ್ಕಿಂತ ಹೆಚ್ಚು ಮರ ಹಳೆಯದೇ.

ಆದರೆ ಇಂಥ ಹಡಗುಗಳಿಗಾಗಿ ಕಳೆದುಕೊಂಡವರು ಯಾರು? 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮಲಬಾರಿನ ಕಾಡಿಗೆ ಅಧಿಕಾರಿಯನ್ನು ನೇಮಿಸಿತು. ಮರುವರ್ಷವೇ ತೇಗದ ಮೇಲೆ ಹಕ್ಕು ತನ್ನದೆಂದಿತು. ಊರವರು ಮರ ಕಡಿಯುವಂತಿರಲಿಲ್ಲ. ಜನರ ಅಸಮಾಧಾನ ಬೆಳೆದು 1823ರಲ್ಲಿ ಆ ಹುದ್ದೆಯೇ ರದ್ದಾಯಿತು.

ಹಡಗು ಉಳಿಸಿದ ಬಡಗಿಗಳನ್ನು ನೆನೆಯುವಾಗ, ಮರ ಕಳೆದುಕೊಂಡ ಆ ಊರುಗಳನ್ನೂ ನಾವು ಮರೆಯಬಾರದು.