ಕಾಲಿಗೆ ಚಕ್ರ ಕಟ್ಟಿಕೊಂಡವರು

ರಾಜ್ಯೋತ್ಸವದ ಸಮಾರಂಭಗಳಲ್ಲಿ ನಾವೆಲ್ಲರೂ ಕಂಡಿರುವ ದೃಶ್ಯವೊಂದಿದೆ. ವೇದಿಕೆಯ ಮೇಲೆ ಅತಿಥಿಗಳ ಭಾಷಣ ನಡೆದಿರುತ್ತದೆ. ಆರೇಳು ವರ್ಷದ ಹುಡುಗನೊಬ್ಬ ಕುರ್ಚಿಗಳ ಸಾಲಿನ ನಡುವೆ ಓಡುತ್ತಾನೆ, ಪರದೆಯ ಹಗ್ಗ ಎಳೆಯುತ್ತಾನೆ, ಕರೆದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಭೆಯಲ್ಲಿ ಕುಳಿತ ನಾವು ಹುಡುಗನನ್ನು ಬಿಟ್ಟು ಅವನ ತಾಯಿಯತ್ತ ತಿರುಗಿ ನೋಡುತ್ತೇವೆ. ಮರುವರ್ಷ ಆ ಕುಟುಂಬ ಸಭೆಗೆ ಬರುವುದಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹೀಗೆ ಎಷ್ಟು ಮನೆಗಳು ನಮ್ಮ ಕೈತಪ್ಪಿ ಹೋದವೋ, ಲೆಕ್ಕ ಇಟ್ಟವರಿಲ್ಲ.

ಊರಿನಲ್ಲಿ ಇಂಥವನನ್ನು ‘ಕಾಲಿಗೆ ಚಕ್ರ ಕಟ್ಟಿಕೊಂಡವ’ ಎನ್ನುತ್ತಿದ್ದರು. ಅಲ್ಲಿ ಓಡಲು ಅಂಗಳವಿತ್ತು, ಹತ್ತಲು ಮರವಿತ್ತು, ಗದರಿಸಲು ಅಜ್ಜಿಯೂ ಒಲಿಸಿಕೊಳ್ಳಲು ಅತ್ತೆಯೂ ಇದ್ದರು. ಇಲ್ಲಿರುವುದು ಒಂದು ಕೋಣೆ, ಒಂದು ಅಡುಗೆಮನೆ, ಕೆಳಗಿನ ಮಹಡಿಯವರ ದೂರು. ವೈದ್ಯರು ಇದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ, ಎಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆ. ‘ಇದು ಮೊಬೈಲು ತಂದ ಹೊಸ ರೋಗ’ ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ.

ಜರ್ಮನಿಯ ವೈದ್ಯ ಮೆಲ್ಕಿಯೋರ್ ಆಡಮ್ ವೈಕಾರ್ಡ್ 1775ರಲ್ಲಿಯೇ ಗಮನ ನಿಲ್ಲದ ಮನುಷ್ಯರ ಬಗ್ಗೆ ಬರೆದಿದ್ದ. ತಣ್ಣೀರ ಸ್ನಾನ, ಕುದುರೆ ಸವಾರಿ ಅವನು ಸೂಚಿಸಿದ ಉಪಾಯಗಳಲ್ಲಿ ಸೇರಿದ್ದವು. 1798ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್, ಕೆಲವರಿಗೆ ಇದು ಹುಟ್ಟಿನಿಂದಲೇ ಬಂದಿರುತ್ತದೆ, ಸಣ್ಣ ಸದ್ದೂ ಅವರ ಮನಸ್ಸನ್ನು ಎಳೆದೊಯ್ಯುತ್ತದೆ ಎಂದು ಗುರುತಿಸಿದ. 1902ರಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಲಂಡನ್ನಿನ ವೈದ್ಯರ ಮುಂದೆ ಉಪನ್ಯಾಸ ಕೊಟ್ಟು, ಬುದ್ಧಿಗೆ ಕೊರತೆಯಿಲ್ಲದ ಮಕ್ಕಳಲ್ಲಿಯೂ ಈ ತೊಂದರೆ ಇರುವುದನ್ನು ವಿವರಿಸಿದರು. ಆದರೆ ಅವರು ಅದನ್ನು ‘ನೈತಿಕ ನಿಯಂತ್ರಣ’ದ ದೋಷ ಎಂದು ಕರೆದರು. ನೀತಿಯ ಮಾತು ಬಂದಲ್ಲಿ ತಪ್ಪೊಪ್ಪಿಸುವ ಮಾತೂ ಬರುತ್ತದೆ. ಇಂದಿಗೂ ಶಾಲೆಯ ಡೈರಿಯಲ್ಲಿ ಕೆಂಪು ಶಾಯಿಯ ಸಾಲು ಕಂಡೊಡನೆ ನಮ್ಮ ಕೈ ಮೇಲೇಳುವುದು ಆ ಹಳೆಯ ನಂಬಿಕೆಯಿಂದಲೇ.

ಔಷಧದ ಕಥೆ ಆಕಸ್ಮಿಕದಿಂದ ಆರಂಭವಾಯಿತು. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು, ತಮ್ಮ ಆಸ್ಪತ್ರೆಯ ಮಕ್ಕಳ ತಲೆನೋವಿಗೆಂದು ಬೆಂಜೆಡ್ರಿನ್ ಕೊಟ್ಟರು. ತಲೆನೋವು ಅಷ್ಟಾಗಿ ಇಳಿಯಲಿಲ್ಲ. ಪಾಠ ಮಾತ್ರ ತಲೆಗೆ ಹತ್ತತೊಡಗಿತು. ಮಕ್ಕಳೇ ಅದಕ್ಕೆ ‘ಲೆಕ್ಕದ ಗುಳಿಗೆ’ ಎಂದು ಹೆಸರಿಟ್ಟರಂತೆ. ಮಿಥೈಲ್‌ಫೆನಿಡೇಟ್ ಎಂಬ ಔಷಧವನ್ನು 1944ರಲ್ಲಿ ಸಿಬಾ ಕಂಪೆನಿಯ ರಸಾಯನ ಶಾಸ್ತ್ರಜ್ಞ ಲಿಯಾಂಡ್ರೊ ಪಾನಿಜಾನ್ ತಯಾರಿಸಿದರು. ತಮ್ಮ ಪತ್ನಿ ರೀಟಾ ಅವರ ಹೆಸರಿನಿಂದಲೇ ಅದಕ್ಕೆ ರಿಟಾಲಿನ್ ಎಂದು ಕರೆದರು. ಇಂದಿಗೂ ಅದು ತಜ್ಞ ವೈದ್ಯರ ಚೀಟಿ ಹಾಗೂ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕಾದ ಮದ್ದು.

ಹೆಸರೂ ಕಾಲಕಾಲಕ್ಕೆ ಬದಲಾಯಿತು. ಅಮೆರಿಕದ ಮನೋವೈದ್ಯರ ಕೈಪಿಡಿ 1968ರಲ್ಲಿ ಅತಿ ಚಟುವಟಿಕೆಗೆ ಒತ್ತು ಕೊಟ್ಟಿತ್ತು. ಓಡದೆ, ಕೂಗದೆ, ಕಿಟಕಿಯಾಚೆ ನೋಡುತ್ತ ಕುಳಿತ ಮಕ್ಕಳಿಗೂ ಇದು ಇರಬಹುದೆಂದು 1980ರ ಕೈಪಿಡಿ ಒಪ್ಪಿತು. ನಮ್ಮ ಎಷ್ಟೋ ಹೆಣ್ಣುಮಕ್ಕಳು ‘ಮಂಕು’ ಎನ್ನಿಸಿಕೊಂಡು ಬೆಳೆದದ್ದು ಈ ಗುಂಪಿನಲ್ಲೇ ಇದ್ದೀತು. ಇಂದಿನ ಹೆಸರು ಬಂದದ್ದು 1987ರಲ್ಲಿ. ಮೀಸೆ ಮೂಡುವ ಹೊತ್ತಿಗೆ ಇದು ತಾನೇ ಹೋಗುತ್ತದೆಂಬ ಎಣಿಕೆಯನ್ನು 1970ರ ದಶಕದಲ್ಲಿ ಪಾಲ್ ವೆಂಡರ್ ಮೊದಲಾದವರು ಪ್ರಶ್ನಿಸಿದರು. 2013ರ ಕೈಪಿಡಿ ವಯಸ್ಕರಿಗಾಗಿಯೇ ಪ್ರತ್ಯೇಕ ಅಳತೆಯನ್ನು ಕೊಟ್ಟಿತು; ಲಕ್ಷಣಗಳು ಹನ್ನೆರಡರೊಳಗೇ ಆರಂಭವಾಗಿರಬೇಕು ಎಂಬ ನಿಯಮವನ್ನೂ ಇಟ್ಟಿತು.

ನಮ್ಮ ನೆಲದ ಚರಿತ್ರೆಯೂ ಇದರಲ್ಲಿದೆ. ಬ್ರಾಡ್ಲಿ ಗುಳಿಗೆ ಕೊಟ್ಟ ಅದೇ 1937ರಲ್ಲಿ, ಮುಂಬಯಿಯ ಸರ್ ದೊರಾಬ್ಜಿ ಟಾಟಾ ಸಮಾಜಕಾರ್ಯ ಶಾಲೆ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆಯಿತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ 1974ರಲ್ಲಿ ರೂಪುಗೊಂಡಿತು. ಠಾಣೆಯ ಮಾನಸಿಕ ಆಸ್ಪತ್ರೆಯಂತೂ 1901ರಿಂದ ಇದೆ. ಆದರೆ ‘ಇವನನ್ನು ಠಾಣೆಗೆ ಕಳಿಸಬೇಕು’ ಎಂಬ ಕುಹಕವನ್ನು ಕೇಳಿ ಬೆಳೆದ ನಮಗೆ, ಮನಸ್ಸಿನ ವೈದ್ಯರೆಂದರೆ ಹೆದರಿಕೆ. ಆ ಕುಹಕ ಎಷ್ಟೋ ಮನೆಗಳ ಬಾಗಿಲನ್ನು ಒಳಗಿನಿಂದ ಮುಚ್ಚಿಸಿದೆ.

ನಮ್ಮ ಬಳಗದ ಗೆಳೆಯರೊಬ್ಬರು ಮಗನನ್ನು ಕರೆದುಕೊಂಡು ವೈದ್ಯರ ಬಳಿಗೆ ಹೋದರು. ವೈದ್ಯರು ಪ್ರಶ್ನೆಗಳನ್ನು ಓದುತ್ತ ಹೋದಂತೆ ಮಗನಿಗಿಂತ ಮೊದಲು ತಂದೆಯೇ ತಲೆಯಾಡಿಸತೊಡಗಿದರಂತೆ. ಲೋಕಲ್ ಗಾಡಿಯಲ್ಲಿ ಬಿಟ್ಟುಬಂದ ಛತ್ರಿಗಳು, ಕೊನೆಯ ದಿನ ದಾಟಿದ ವಿದ್ಯುತ್ ಬಿಲ್ಲುಗಳು, ಅರ್ಧಕ್ಕೆ ನಿಂತ ಕೆಲಸಗಳು, ‘ಜವಾಬ್ದಾರಿ ಇಲ್ಲದವ’ ಎಂದು ನಲವತ್ತು ವರ್ಷ ಕೇಳಿದ ಮಾತು, ಎಲ್ಲವೂ ಒಂದು ಸಾಲಿನಲ್ಲಿ ನಿಂತವು. ಇದರಲ್ಲಿ ಅಚ್ಚರಿಯಿಲ್ಲ. ಅವಳಿ ಮಕ್ಕಳ ಅಧ್ಯಯನಗಳು ಇದರಲ್ಲಿ ಅನುವಂಶಿಕತೆಯ ಪಾಲು ಸುಮಾರು ಮುಕ್ಕಾಲು ಎನ್ನುತ್ತವೆ. ಆ ರಾತ್ರಿ ಅವರು ಮಗನ ಪಕ್ಕದಲ್ಲಿ ಕುಳಿತು, ‘ನಿನಗೆ ಹೊಡೆದದ್ದು ನನ್ನ ತಪ್ಪು’ ಎಂದರಂತೆ.

ಇಂಥ ಮನೆಗಳು ತಾವಾಗಿಯೇ ಕಂಡುಕೊಂಡ ದಾರಿಗಳು ಸರಳವಾಗಿವೆ. ಬೀಗದ ಕೈಗೆ, ಪಾಸಿಗೆ ಬಾಗಿಲ ಬಳಿ ಒಂದೇ ಮೊಳೆ; ಬೇರೆಲ್ಲೂ ಇಡಕೂಡದು. ನೆನಪನ್ನು ನಂಬದೆ ಗೋಡೆಯ ಮೇಲೆ ಚೀಟಿ. ಒಂದು ಸಲಕ್ಕೆ ಒಂದೇ ಮಾತು, ಒಂದೇ ಕೆಲಸ. ಹತ್ತು ನಿಮಿಷ ಲೆಕ್ಕ, ಆಮೇಲೆ ಮೆಟ್ಟಿಲಿಳಿದು ಒಂದು ಸುತ್ತು ಓಟ. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂಬ ನಮ್ಮ ಮಕ್ಕಳ ವಿಷಯದಲ್ಲಿ ಭಾಷೆಯ ತೊಡಕು ಯಾವುದು, ಗಮನದ ತೊಡಕು ಯಾವುದು ಎಂಬುದನ್ನು ತಜ್ಞರೇ ಬಿಡಿಸಿ ಹೇಳಬೇಕು. ಕಾಯಿಲೆಯ ಹೆಸರು ಕೊಟ್ಟುಕೊಳ್ಳುವ ಅವಸರ ನಮಗೂ ಬೇಡ.

ಕಾನೂನೂ ಈಗ ನಮ್ಮ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ, ಮನಸ್ಸಿನ ಕಾಯಿಲೆಯವರ ನಡುವೆ ಭೇದ ಮಾಡಕೂಡದೆಂದು ವಿಧಿಸಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲೂ ಮಾತನಾಡಬಹುದು.

ಆದರೆ ಕಾಯಿದೆಗಿಂತ ಮೊದಲು ಬೇಕಾದದ್ದು ನಮ್ಮ ಸಭಾಂಗಣದಲ್ಲಿ ಒಂದು ಜಾಗ. ಮುಂದಿನ ರಾಜ್ಯೋತ್ಸವದಲ್ಲಿ ಹಿಂದಿನ ಸಾಲಿನ ಹಿಂದೆ ನಾಲ್ಕು ಚಾಪೆ ಹಾಸೋಣ, ಓಡುವ ಮಕ್ಕಳ ಕೈಗೆ ಹೂವಿನ ತಟ್ಟೆಯನ್ನೋ ನೀರಿನ ಲೋಟವನ್ನೋ ಕೊಟ್ಟು ಹಂಚಲು ಕಳಿಸೋಣ. ಮತ್ತೆ ಬಾರದೆ ಹೋದ ಮನೆಯ ಬಾಗಿಲು ತಟ್ಟಿ, ‘ಅಕ್ಕಾ, ಈ ಸಲ ಮಗನನ್ನೂ ಕರೆದುಕೊಂಡು ಬನ್ನಿ’ ಎಂದು ನಾವೇ ಕರೆಯೋಣ.