ಕಾರಿನ ಆಸನಭಾರ ಸಂವೇದಕ

ಕಾರಿನ ಮುಂಬದಿಯ ಪ್ರಯಾಣಿಕ ಸೀಟಿನಲ್ಲಿ ಯಾರಾದರೂ ಕುಳಿತಿದ್ದಾರೆಯೇ, ಕುಳಿತವರು ವಯಸ್ಕರೋ ಮಗುವೋ ಎಂಬುದನ್ನು ಸೀಟಿನ ಮೇಲೆ ಬೀಳುವ ಭಾರದಿಂದ ಅಂದಾಜಿಸಿ, ಅಪಘಾತವಾದಲ್ಲಿ ಆ ಬದಿಯ ಏರ್‌ಬ್ಯಾಗ್ ಉಬ್ಬಬೇಕೇ ಬೇಡವೇ ಎಂಬುದನ್ನು ಮುಂಚಿತವಾಗಿಯೇ ನಿರ್ಧರಿಸಿಡುವ ಸಾಧನ. 1990ರ ದಶಕದಲ್ಲಿ ಅಮೆರಿಕದಲ್ಲಿ ಏರ್‌ಬ್ಯಾಗಿನ ಹೊಡೆತದಿಂದಲೇ ಮಕ್ಕಳು ಸತ್ತ ಪ್ರಕರಣಗಳು ಒಂದರ ಹಿಂದೊಂದು ವರದಿಯಾದ ಮೇಲೆ ಇದರ ಬಳಕೆ ವ್ಯಾಪಕವಾಯಿತು.

ಏರ್‌ಬ್ಯಾಗಿಗೆ ಅಮೆರಿಕದ ಜಾನ್ ಹೆಟ್ರಿಕ್ ಅವರು 1953ರಲ್ಲಿಯೇ ಪೇಟೆಂಟ್ ಪಡೆದಿದ್ದರು. 1970ರ ದಶಕದ ನಡುವೆ ಜನರಲ್ ಮೋಟರ್ಸ್ ಸಂಸ್ಥೆ ಕೆಲವು ಕಾರುಗಳಲ್ಲಿ ಅದನ್ನು ಮಾರಿಯೂ ಇತ್ತು. ಆದರೆ ಅದು ಎಲ್ಲ ಕಾರುಗಳಿಗೂ ಬಂದದ್ದು, 1998ರ ಮಾದರಿಗಳಿಂದ ಮುಂಬದಿಯ ಎರಡೂ ಸೀಟುಗಳಿಗೆ ಅದನ್ನು ಕಡ್ಡಾಯಗೊಳಿಸಿದ 1991ರ ಅಮೆರಿಕದ ಕಾನೂನಿನಿಂದ. ಅಲ್ಲಿನ 208ನೆಯ ಸುರಕ್ಷತಾ ಮಾನದಂಡದ ಪ್ರಕಾರ, ಸುಮಾರು 78 ಕಿಲೋಗ್ರಾಂ ತೂಕದ ಸರಾಸರಿ ಗಂಡಸಿನ ಅಳತೆಯ ಡಮ್ಮಿಯನ್ನು, ಅಂದರೆ ಮನುಷ್ಯದೇಹವನ್ನು ಹೋಲುವ ಪರೀಕ್ಷಾ ಗೊಂಬೆಯನ್ನು, ಸೀಟ್ ಬೆಲ್ಟ್ ಕಟ್ಟದೆಯೇ ಕೂರಿಸಿ, ಕಾರನ್ನು ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿಸಿ ನೋಡಲಾಗುತ್ತಿತ್ತು. ಬೆಲ್ಟಿಲ್ಲದ ಅಂಥ ದೇಹವನ್ನು ತಡೆಯಲು ಚೀಲವು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನಷ್ಟು ಕಾಲದಲ್ಲಿ ಬಲವಾಗಿ ಉಬ್ಬಲೇಬೇಕಾಗಿತ್ತು. ಆ ರಭಸವೇ ಬೆಲ್ಟಿಲ್ಲದೆ ಮುಂದಕ್ಕೆ ಜಾರಿದ ಮಗುವಿಗೂ, ಹಿಮ್ಮುಖ ಶಿಶು ಆಸನದಲ್ಲಿ ಡ್ಯಾಶ್‌ಬೋರ್ಡಿಗೆ ತೀರ ಸಮೀಪ ತಲೆಯಿಟ್ಟು ಮಲಗಿದ ಕೂಸಿಗೂ ಮಾರಕವಾಯಿತು. ಕಡಿಮೆ ವೇಗದ ಅಪಘಾತಗಳಲ್ಲಿ, ಏರ್‌ಬ್ಯಾಗ್ ಉಬ್ಬಿದ್ದರಿಂದಲೇ 1990ರಿಂದ 2008ರವರೆಗೆ 290ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಅಂದಾಜಿಸಿದೆ. ಈ ಸಾವುಗಳಲ್ಲಿ ಹೆಚ್ಚಿನವು 1998ಕ್ಕೆ ಮೊದಲು ತಯಾರಾದ ವಾಹನಗಳಲ್ಲಿ ಸಂಭವಿಸಿದವು. ಏರ್‌ಬ್ಯಾಗಿನಿಂದ ಉಳಿದ ಜೀವಗಳು ಇದಕ್ಕಿಂತ ಬಹುಪಟ್ಟು ಹೆಚ್ಚೆಂಬುದು ನಿಜವಾದರೂ, ಒಂದೇ ಮೈಕಟ್ಟನ್ನು ಎಲ್ಲರಿಗೂ ಅಳತೆಗೋಲಾಗಿಸಿದ ನಿಯಮದ ದೋಷ ಇಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ.

ಎಚ್ಚರಿಕೆಯ ಚೀಟಿ, ಕೈಯಿಂದ ಆರಿಸುವ ಸ್ವಿಚ್ಚು, ಉಬ್ಬುವ ಬಲದ ಕಡಿತ ಇವೆಲ್ಲ ತಾತ್ಕಾಲಿಕ ಪರಿಹಾರಗಳಾದವು. 1998ರಲ್ಲಿ ಅಮೆರಿಕದ ಸಂಸತ್ತು ನೀಡಿದ ನಿರ್ದೇಶನದಂತೆ 2000ದ ಮೇ ತಿಂಗಳಲ್ಲಿ ಪ್ರಕಟವಾದ ನಿಯಮವು ಒಂದು, ಮೂರು ಮತ್ತು ಆರು ವರ್ಷದ ಮಕ್ಕಳ ಹಾಗೂ ಸುಮಾರು 49 ಕಿಲೋಗ್ರಾಂ ತೂಕದ ಸಣ್ಣಮೈಯ ಹೆಂಗಸಿನ ಡಮ್ಮಿಗಳನ್ನೂ ಪರೀಕ್ಷೆಗೆ ಸೇರಿಸಿತು. ಮಗುವಿದ್ದಾಗ ಚೀಲವು ಉಬ್ಬದಿರಬೇಕು ಇಲ್ಲವೇ ಅಪಾಯವಾಗದಂತೆ ಮೆಲ್ಲಗೆ ಉಬ್ಬಬೇಕು ಎಂದಷ್ಟೇ ಹೇಳಿದ ಈ ನಿಯಮ, ಅದನ್ನು ಸಾಧಿಸುವ ಬಗೆಯನ್ನು ತಯಾರಕರಿಗೇ ಬಿಟ್ಟಿತು. ಅದು 2003ರಿಂದ 2006ರ ನಡುವೆ ಹಂತಹಂತವಾಗಿ ಜಾರಿಗೆ ಬಂದಿತು.

ಹೀಗೆ ಹಲವು ವಿಧಾನಗಳು ಹುಟ್ಟಿಕೊಂಡವು. ಡೆಲ್ಫಿ ಸಂಸ್ಥೆಯು ಸೀಟಿನ ಮೆತ್ತೆಯ ಕೆಳಗೆ ಸಿಲಿಕೋನ್ ದ್ರವ ತುಂಬಿದ ಚಪ್ಪಟೆ ಚೀಲವನ್ನಿಟ್ಟು, ಅದರ ಒತ್ತಡದಿಂದ ಭಾರವನ್ನು ಅಳೆಯಿತು. ಲಕ್ಸೆಂಬರ್ಗಿನ ಐಇಇ ಸಂಸ್ಥೆಯು, ಒತ್ತಿದಷ್ಟೂ ವಿದ್ಯುತ್ ರೋಧ ತಗ್ಗುವ ಬಿಂದುಗಳನ್ನು ತೆಳು ಹಾಳೆಯಲ್ಲಿ ಹರಡಿ ಸೀಟಿನೊಳಗೆ ಅಳವಡಿಸಿತು. ಇದರಲ್ಲಿ ಭಾರದ ಜೊತೆಗೆ ಅದು ಹರಡಿಕೊಂಡ ಆಕಾರವೂ ತಿಳಿಯುತ್ತದೆ. ಬಾಷ್ ಸಂಸ್ಥೆಯ ‘ಐಬೋಲ್ಟ್’ ಸೀಟಿನ ಚೌಕಟ್ಟನ್ನು ಕೆಳಗಿನ ಹಳಿಗೆ ಬಿಗಿಯುವ ಬೋಲ್ಟಿನೊಳಗೇ ಸಂವೇದಕವನ್ನು ಅಡಗಿಸಿತು. ಭಾರವನ್ನೇ ಅಳೆಯದ ದಾರಿಯೊಂದೂ ಉಂಟು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಮೀಡಿಯಾ ಲ್ಯಾಬ್, ಪೆನ್ ಮತ್ತು ಟೆಲ್ಲರ್ ಎಂಬ ಜಾದೂಗಾರರ ಜೋಡಿಗಾಗಿ, ಕೈಯಾಡಿಸಿದಂತೆ ಸಂಗೀತ ಹೊಮ್ಮಿಸುವ ಕುರ್ಚಿಯನ್ನು 1990ರ ದಶಕದಲ್ಲಿ ನಿರ್ಮಿಸಿತ್ತು. ದೇಹವು ವಿದ್ಯುತ್ ಕ್ಷೇತ್ರದಲ್ಲಿ ಉಂಟುಮಾಡುವ ವ್ಯತ್ಯಾಸವನ್ನು ಗ್ರಹಿಸುವ ಅದೇ ತತ್ತ್ವವನ್ನು ಜಪಾನಿನ ಎನ್‌ಇಸಿ ಸಂಸ್ಥೆ ಶಿಶು ಆಸನದ ಗುರುತಿಸುವಿಕೆಗೆ ಬಳಸಿಕೊಂಡಿತು. ಸುರಕ್ಷತಾ ಸಾಧನವೊಂದು ಜಾದೂ ವೇದಿಕೆಯಿಂದ ಇಳಿದು ಬಂದ ಇಂಥ ಉದಾಹರಣೆ ಅಪರೂಪ.

ಸೀಟು ಅಳೆಯುವ ಭಾರ ಕುಳಿತವರ ನಿಜವಾದ ತೂಕವಲ್ಲ ಎಂಬುದೇ ಇಲ್ಲಿನ ಮೂಲ ತೊಡಕು. ಕಾಲುಗಳ ಭಾರದ ಒಂದು ಪಾಲು ಕಾರಿನ ನೆಲಕ್ಕೆ ಹೋಗುತ್ತದೆ. ಮುಂದಕ್ಕೆ ಬಾಗಿ ಅಂಚಿನಲ್ಲಿ ಕುಳಿತರೆ ಅಥವಾ ಬಾಗಿಲಿಗೆ ಒರಗಿದರೆ ಲೆಕ್ಕ ಇನ್ನಷ್ಟು ತಗ್ಗುತ್ತದೆ. ಇದಕ್ಕೆ ವಿರುದ್ಧವಾಗಿ, ಮಕ್ಕಳ ಆಸನವನ್ನು ಬೆಲ್ಟಿನಿಂದ ಬಿಗಿದು ಕಟ್ಟಿದಾಗ ಅದು ಮೆತ್ತೆಯನ್ನು ಕೆಳಕ್ಕೆ ಒತ್ತುವುದರಿಂದ, ಹಗುರವಾದ ಕೂಸು ವಯಸ್ಕರಂತೆ ತೋರಬಹುದು. ಅದಕ್ಕಾಗಿಯೇ ಅನೇಕ ವ್ಯವಸ್ಥೆಗಳಲ್ಲಿ ಬೆಲ್ಟಿನ ಎಳೆತವನ್ನು ಅಳೆಯುವ ಮತ್ತೊಂದು ಸಂವೇದಕವಿದ್ದು, ಅಸಹಜ ಬಿಗಿತ ಕಂಡರೆ ಅಲ್ಲಿರುವುದು ಮಗುವಿನ ಆಸನವೆಂದು ಭಾವಿಸಲಾಗುತ್ತದೆ. ಮೆತ್ತೆಯ ಸವೆತವೂ ತಾಪಮಾನವೂ ಅಳತೆಯನ್ನು ಕದಲಿಸುತ್ತವೆ. ಮೇಲೆ ಹೊದಿಸಿದ ದಪ್ಪ ಕವರು ಸಹ ತಪ್ಪು ಲೆಕ್ಕಕ್ಕೆ ಕಾರಣವಾಗಬಲ್ಲದು. ಸಂವೇದಕದ ತೀರ್ಮಾನ ಪ್ರಯಾಣಿಕರಿಗೂ ತಿಳಿಯಲೆಂದು, ಏರ್‌ಬ್ಯಾಗ್ ನಿಷ್ಕ್ರಿಯವಾಗಿದ್ದಾಗ ಹೊತ್ತಿಕೊಳ್ಳುವ ದೀಪವನ್ನು ಅಮೆರಿಕದ ನಿಯಮವು ಕಡ್ಡಾಯಗೊಳಿಸಿದೆ.

ಸಾಧನ ಕೆಟ್ಟ ಪ್ರಸಂಗಗಳೂ ಸಣ್ಣವಲ್ಲ. ವಯಸ್ಕರು ಕುಳಿತಿದ್ದರೂ ಸೀಟು ಖಾಲಿಯೆಂದು ಬಗೆಯುವ ದೋಷದಿಂದಾಗಿ 2016ರಲ್ಲಿ ನಿಸ್ಸಾನ್ 30 ಲಕ್ಷಕ್ಕೂ ಮಿಕ್ಕ ಕಾರುಗಳನ್ನು ಹಿಂದಕ್ಕೆ ಕರೆಸಿತು. 2024ರಲ್ಲಿ ಹೋಂಡಾ, ಭಾರ ಸಂವೇದಕದ ಕೆಪಾಸಿಟರ್ ಬಿರುಕುಬಿಟ್ಟು ಏರ್‌ಬ್ಯಾಗ್ ಉಬ್ಬಬಾರದಾಗ ಉಬ್ಬುವ ಅಪಾಯವಿದೆಯೆಂದು ಅಮೆರಿಕದಲ್ಲಿ ಸುಮಾರು 7.5 ಲಕ್ಷ ಕಾರುಗಳನ್ನು ಮರಳಿ ಪಡೆಯಿತು.

ಯುರೋಪಿನಲ್ಲಿ ಈ ಹೊಣೆ ಬಹುಮಟ್ಟಿಗೆ ಚಾಲಕರದು: ಏರ್‌ಬ್ಯಾಗನ್ನು ಆರಿಸದೆ ಮುಂದಿನ ಸೀಟಿನಲ್ಲಿ ಹಿಮ್ಮುಖ ಶಿಶು ಆಸನ ಇಡುವುದು ಅಲ್ಲಿ ನಿಷಿದ್ಧ. ಭಾರತದಲ್ಲಿ ಮುಂಬದಿಯ ಪ್ರಯಾಣಿಕರ ಏರ್‌ಬ್ಯಾಗ್ ಹೊಸ ಮಾದರಿಗಳಿಗೆ 2021ರ ಏಪ್ರಿಲ್ 1ರಿಂದ ಕಡ್ಡಾಯವಾಗಿದ್ದು, ಹಲವು ಕಾರುಗಳಲ್ಲಿ ಅದನ್ನು ಕೀಲಿಯಿಂದ ಆರಿಸುವ ಸ್ವಿಚ್ಚಿದೆ. ಇಲ್ಲಿನ ಸಾಮಾನ್ಯ ಕಾರುಗಳ ಸೀಟಿನಲ್ಲಿರುವ ಸಂವೇದಕ ಮುಖ್ಯವಾಗಿ ಬೆಲ್ಟ್ ಕಟ್ಟಿರೆಂದು ನೆನಪಿಸುವ ಸದ್ದಿಗಾಗಿ ಇರುವಂಥದು. ಅದು ತೂಕದ ವರ್ಗೀಕರಣ ಮಾಡದ ಕಾರಣ, ಸೀಟಿನ ಮೇಲೆ ಭಾರದ ಚೀಲವನ್ನಿಟ್ಟರೂ ಬಡಿದುಕೊಳ್ಳುತ್ತದೆ.